ನಮ್ಮ ಕಾಸರಗೋಡಿನ ಶಾಲೆಗಳಲ್ಲಿ ಧರ್ಮದ ಮಾತು

'ನಿಮ್ಮ ಕಡೆ ಶಾಲೆಯಲ್ಲಿ ಹಿಜಾಬ್ ಗಲಾಟೆ ಇಲ್ವಾ?' ಅಂತ ಕೇಳಿದ್ರಿ. 2022ರಲ್ಲಿ ಉಡುಪಿಯ ಸುದ್ದಿ ದಿನಾ ಬರುತ್ತಿದ್ದಾಗ ನಮಗೂ ನಿದ್ದೆ ಇರಲಿಲ್ಲ. ಕರ್ನಾಟಕದ ಗಡಿಯ ತಲಪಾಡಿ ದಾಟಿದರೆ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಮಂಜೇಶ್ವರ. ಇಲ್ಲಿಂದ ಎಷ್ಟೋ ಹೆಣ್ಣುಮಕ್ಕಳು ಮಂಗಳೂರಿನ ಕಾಲೇಜಿಗೆ ಬಸ್ಸು ಹತ್ತುತ್ತಾರೆ. ಆದರೆ ನಮ್ಮೂರಿನ ಸರ್ಕಾರಿ ಶಾಲೆಗೆ ಯೂನಿಫಾರ್ಮಿನ ಜೊತೆ ತಲೆಗೆ ಬಟ್ಟೆ ಸುತ್ತಿಕೊಂಡು ಬರುವುದು ಹಿಂದಿನಿಂದಲೂ ರೂಢಿ. ಅದನ್ನು ಯಾರೂ ತಿರುಗಿ ನೋಡುವುದಿಲ್ಲ.

ಇಲ್ಲಿ ಚರ್ಚೆ ಹುಟ್ಟುವುದು ಬೆಲ್ ಹೊಡೆಯುವ ಹೊತ್ತಿನ ಮೇಲೆ. ಮುಸ್ಲಿಂ ಮಕ್ಕಳು ಬೆಳಿಗ್ಗೆ ಮದ್ರಸಕ್ಕೆ ಹೋಗಿ, ಅಲ್ಲಿಂದ ಶಾಲೆಗೆ ಬರುತ್ತಾರೆ. ಶುಕ್ರವಾರ ಜುಮಾ ನಮಾಜಿಗಾಗಿ ಮಧ್ಯಾಹ್ನದ ಬಿಡುವು ಜಾಸ್ತಿ. ಆ ಬಿಡುವು ಎಲ್ಲ ಮಕ್ಕಳಿಗೂ ಸಿಗುತ್ತದೆ. 2025ರಲ್ಲಿ ಕೇರಳ ಸರ್ಕಾರ ಹೈಸ್ಕೂಲಿಗೆ ಅರ್ಧ ಗಂಟೆ ಸೇರಿಸಿತು. ಬೆಳಿಗ್ಗೆ 9.45ಕ್ಕೇ ಶುರು. ಮದ್ರಸದ ಪಾಠಕ್ಕೆ ತೊಂದರೆ ಅಂತ ಸುನ್ನಿ ಮುಸ್ಲಿಂ ವಿದ್ವಾಂಸರ ಸಂಘಟನೆ ಸಮಸ್ತ ವಿರೋಧಿಸಿತು. ಸರ್ಕಾರಿ ಶಾಲೆ ಧರ್ಮಕ್ಕೆ ಹೊಂದಿಕೊಳ್ಳಬೇಕಾ ಅಂತ ಇನ್ನೊಂದು ಕಡೆಯವರು ಕೇಳಿದರು. ಎರಡು ಕಡೆ ಪಾಠ ಮುಗಿಸುವ ಆ ಮಕ್ಕಳು ಏಳುವುದು ಎಷ್ಟು ಗಂಟೆಗೆ ಅಂತ ನೋಡಿದವಳು ನಾನು. ನನಗೆ ಸಮಸ್ತದ ಆಕ್ಷೇಪದಲ್ಲಿ ತಪ್ಪು ಕಾಣಲಿಲ್ಲ.

ನನ್ನ ಚಿಂತೆ ಬೇರೆ. ಸರ್ಕಾರದ ದುಡ್ಡಿನಲ್ಲೇ ನಡೆಯುವ ಶಾಲೆಯಲ್ಲಿ ಧರ್ಮ ಬೋಧನೆ ಕೂಡದು ಅಂತ ಸಂವಿಧಾನದ 28ನೇ ವಿಧಿ ಹೇಳುತ್ತದೆ. ಯಾರೂ ಅದನ್ನು ಮೀರಿಲ್ಲ. ಆದರೆ ಕನ್ನಡ ಮೀಡಿಯಮ್‌ನಲ್ಲಿ ಪ್ರಥಮ ಭಾಷೆಯ ಒಂದು ಪೇಪರಿಗೆ ಕನ್ನಡ, ಸಂಸ್ಕೃತ, ಅರೇಬಿಕ್, ಉರ್ದು ಇವುಗಳಲ್ಲಿ ಒಂದನ್ನು ಆರಿಸಬಹುದು. ಇವೆಲ್ಲ ಭಾಷೆಗಳೇ, ಅರೇಬಿಕ್ ಕಲಿಯುವುದು ಮಕ್ಕಳ ಹಕ್ಕು ಕೂಡ. ಈ ಹಕ್ಕಿಗಾಗಿ 1980ರಲ್ಲಿ ಮಲಪ್ಪುರದಲ್ಲಿ ನಡೆದ ಹೋರಾಟದಲ್ಲಿ ಮೂವರು ಯುವಕರು ಪೊಲೀಸರ ಗುಂಡಿಗೆ ಸತ್ತಿದ್ದಾರೆ. ಆದರೂ ಆ ಪೀರಿಯಡ್ ಬಂದಾಗ ಏನಾಗುತ್ತದೆ ಗೊತ್ತಾ? ನನ್ನ ಮಗಳು ಸಂಸ್ಕೃತಕ್ಕೆ ಎದ್ದು ಹೋಗುತ್ತಾಳೆ. ಒಂದನೇ ಕ್ಲಾಸಿನಿಂದ ಪಕ್ಕದಲ್ಲೇ ಕೂತ ಅವಳ ಗೆಳತಿ ಅರೇಬಿಕ್‌ಗೆ. ಒಂದೇ ಬೆಂಚು ಮನೆಯ ಧರ್ಮ ನೋಡಿ ಎರಡಾಗುತ್ತದೆ. ಕನ್ನಡ ತೆಗೆದುಕೊಂಡ ನಾಲ್ಕೈದು ಮಕ್ಕಳು ಮಾತ್ರ ಕ್ಲಾಸಿನಲ್ಲಿ ಉಳಿಯುತ್ತಾರೆ.

1956ರಲ್ಲಿ ಕೇರಳಕ್ಕೆ ಸೇರಿದಾಗಿನಿಂದ ಇಲ್ಲಿ ಕನ್ನಡ ಉಳಿಸಬೇಕು ಅಂತ ಹೋರಾಡುತ್ತಲೇ ಇದ್ದೇವೆ. ಇಬ್ಬರೂ ಹುಡುಗಿಯರು ಒಟ್ಟಿಗೆ ಕೂತು ಓದಬಹುದಾಗಿದ್ದ ಭಾಷೆ ಅದೇ ಅಲ್ವಾ? ಈ ಮಾತನ್ನು ಪಿಟಿಎ ಸಭೆಯಲ್ಲಿ ಎರಡು ಸಲ ಎತ್ತಿದೆ. ಮುಂದಿನ ಸಭೆಯಲ್ಲೂ ಎತ್ತುತ್ತೇನೆ. ಈ ಸಲ ಆ ಗೆಳತಿಯ ಉಮ್ಮನೂ ಜೊತೆಗೆ ಬರುತ್ತೇನೆ ಅಂದಿದ್ದಾರೆ.