ಕುಬಸಕ್ಕೆ ಬ್ರೆಸ್ಟ್ ಪಂಪ್ ಕೊಡಿಸುತ್ತೇವೆ ಅಂತಾರೆ, ಯಾವುದು ತಗೊಳ್ಳಲಿ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನನಗೀಗ ಏಳು ತಿಂಗಳು. ಬಾಗಲಕೋಟೆ ನವನಗರದ ಒಂದು ಸಹಕಾರಿ ಬ್ಯಾಂಕಿನಲ್ಲಿ ಕ್ಯಾಷಿಯರ್. ದೀಪಾವಳಿ ಹೊತ್ತಿಗೆ ಡೆಲಿವರಿ, ಬಾಣಂತನ ಮುದ್ದೇಬಿಹಾಳದ ಹತ್ತಿರ ತವರಿನಲ್ಲಿ. ಏಪ್ರಿಲ್‌ನಲ್ಲಿ ಮತ್ತೆ ಡ್ಯೂಟಿ. ಕುಬಸಕ್ಕೆ ಬ್ರೆಸ್ಟ್ ಪಂಪ್ ಕೊಡಿಸುತ್ತೇವೆ ಅಂತ ಗೆಳತಿಯರು ಹಟ ಹಿಡಿದಿದ್ದಾರೆ. ಕೈಯಲ್ಲಿ ಒತ್ತೋದಾ, ಕರೆಂಟಿನದಾ? ಬಾಟಲಿ, ಬ್ಯಾಗು, ಸ್ಟೆರಿಲೈಸರ್ ಎಲ್ಲಾ ಬೇಕಾ? ಅತ್ತಿಗೆ ಬಳಸಿದ ಪಂಪೂ ಮನೆಯಲ್ಲಿದೆ, ಅದು ನಡೆಯುತ್ತಾ?

ಉತ್ತರ: ತಂಗಿ, ಏಪ್ರಿಲ್‌ನಲ್ಲಿ ಡ್ಯೂಟಿ ಅಂದಮೇಲೆ ಪಂಪ್ ಕೊಳ್ಳೋದಕ್ಕೆ ಬೇಕಾದಷ್ಟು ಟೈಮಿದೆ. ಈಗಲೇ ತಗೋಬೇಡ. ಈಗ ತಗೊಂಡರೆ ವಾರಂಟಿಯ ಅರ್ಧ ಕಪಾಟಿನಲ್ಲೇ ಕಳೆಯುತ್ತೆ. ಅದಕ್ಕಿಂತ ದೊಡ್ಡ ಕಾರಣ ಅಳತೆ. ಪಂಪಿನಲ್ಲಿ ಎದೆಗೆ ಹಿಡಿಯುವ ಆಲಿಕೆಯಂಥ ಭಾಗ ಇರುತ್ತಲ್ಲ, ಅದಕ್ಕೆ ಫ್ಲ್ಯಾಂಜ್ ಅಂತಾರೆ. ಡಬ್ಬಿಯಲ್ಲಿ ಸಾಮಾನ್ಯವಾಗಿ 24 ಮಿಲಿಮೀಟರಿನದು ಬರುತ್ತೆ, ಆದರೆ ಎಲ್ಲರಿಗೂ ಅದು ಸರಿಹೋಗಲ್ಲ. ತೊಟ್ಟಿನ ಅಗಲ ಅಳೆದು, ಅದಕ್ಕಿಂತ ಒಂದೆರಡು ಮಿಲಿಮೀಟರ್ ದೊಡ್ಡದು ತಗೋಬೇಕು. ತೊಟ್ಟು ಗೋಡೆಗೆ ಉಜ್ಜಿದರೆ ಅದು ಚಿಕ್ಕದು, ಸುತ್ತಲಿನ ಕಪ್ಪು ಭಾಗವೂ ಒಳಗೆ ಎಳೆದುಕೊಂಡು ಹೋದರೆ ದೊಡ್ಡದು. ಹೆರಿಗೆ ಆದಮೇಲೆ ಈ ಅಳತೆ ಬದಲಾಗುತ್ತೆ, ಈಗ ಅಳೆದು ಏನು ಮಾಡ್ತೀ? ಮತ್ತೆ ಹೇಗಿದೆ ನೋಡೋಣ ಅಂತ ಬಸುರಿಯಲ್ಲಿ ಪಂಪ್ ಹಚ್ಚಿ ನೋಡಬೇಡ. ತೊಟ್ಟು ಎಳೆದರೆ ಗರ್ಭಕೋಶ ಬಿಗಿಯುತ್ತೆ.

ಮೊದಲ ಎರಡು-ಮೂರು ದಿನಕ್ಕಂತೂ ಪಂಪ್ ಅಷ್ಟು ಉಪಯೋಗಕ್ಕೆ ಬರಲ್ಲ. ಆಗ ಬರೋದು ಹಳದಿ ಹಾಲು, ಗಟ್ಟಿ, ಅದೂ ಚಮಚದಷ್ಟು, ಪಂಪಿಗೆ ಹಾಕಿದರೆ ಅರ್ಧ ಪ್ಲಾಸ್ಟಿಕ್ಕಿಗೇ ಅಂಟಿಕೊಳ್ಳುತ್ತೆ. ಮಗು ಚೀಪದಿದ್ದರೆ ಕೈಯಲ್ಲೇ ಹಿಂಡಿ ಚಮಚದಲ್ಲೋ ಒಳಲೆಯಲ್ಲೋ ಕುಡಿಸು, ಹೇಗೆ ಹಿಂಡೋದು ಅಂತ ಆಸ್ಪತ್ರೆಯ ಸಿಸ್ಟರ್ ಹತ್ತಿರ ಕಲಿತುಕೋ. ಚೆಲ್ಲು ಅನ್ನೋ ಹಿರಿಯರು ಇನ್ನೂ ಇದ್ದಾರೆ, ಅವರ ಮಾತು ಕೇಳಬೇಡ.

ಮಗು ಚೆನ್ನಾಗಿ ಕುಡಿಯುತ್ತಿದ್ದರೆ ತವರಿನಲ್ಲಿ ಪಂಪಿನ ಗೋಜೇ ಬೇಡ. ಸುಮ್ನೆ ಹಿಂಡಿದಷ್ಟೂ ಹಾಲು ಜಾಸ್ತಿಯಾಗಿ ಎದೆ ಕಟ್ಟಿಕೊಳ್ಳುತ್ತೆ. ಭಾರ ಅನಿಸಿದಾಗ ಇಳಿಸೋಕೆ ಕೈಯಲ್ಲಿ ಒತ್ತೋದೇ ಸಾಕು, ಕರೆಂಟ್ ಹೋದರೂ ಚಿಂತೆಯಿಲ್ಲ. ಬ್ಯಾಂಕಿಗೆ ಮಾತ್ರ ಎರಡೂ ಕಡೆ ಒಟ್ಟಿಗೆ ನಡೆಯೋ, ಚಾರ್ಜ್ ಮಾಡುವ ಪಂಪ್ ತಗೋ, ಅರ್ಧ ಟೈಮ್ ಉಳಿಯುತ್ತೆ. ಹಾಲು ನಳಿಗೆಗೆ, ಮೋಟರಿಗೆ ಹೋಗದ ಹಾಗೆ ಅಡ್ಡ ತಡೆ ಇರೋದೇ ಇರಲಿ, ಅಂಗಡಿಯಲ್ಲಿ ಕ್ಲೋಸ್ಡ್ ಸಿಸ್ಟಮ್ ಅಂತ ಕೇಳು.

ಇನ್ನು ಬಿಡಿಭಾಗ. ಮೋಟರಿಗೆ ಸಾವಿರಗಟ್ಟಲೆ ಕೊಡುವವರು ಸ್ಪೇರ್ ವಾಲ್ವ್, ಅಂದರೆ ಪಂಪಿನ ಎಳೆತ ಹಿಡಿದಿಡುವ ಪುಟ್ಟ ರಬ್ಬರ್, ತಗೊಳ್ಳಲ್ಲ, ನಾನೂ ತಗೊಂಡಿರಲಿಲ್ಲ. ಎರಡನೇ ಮಗುವಿನ ಸಲ ನನ್ನ ಪಂಪ್ ಇದ್ದಕ್ಕಿದ್ದಂತೆ ಎಳೆಯೋದೇ ಬಿಟ್ಟಿತು. ಮೋಟರ್ ಸುಟ್ಟಿತು ಅಂದುಕೊಂಡು ಬೆಳಗಾವಿ ಖಡೇಬಜಾರಿನ ಕಡೆ ಒಬ್ಬ ಮಿಕ್ಸರ್ ರಿಪೇರಿಯವನ ಹತ್ತಿರ ಒಯ್ದೆ, ನಾಚಿಕೆಯಿಂದ ಕರವಸ್ತ್ರದಲ್ಲಿ ಸುತ್ತಿಕೊಂಡು. ಅವನು ಬಾತುಕೋಳಿ ಕೊಕ್ಕಿನಂಥ ಆ ಪುಟ್ಟ ರಬ್ಬರನ್ನು ಬೆಳಕಿಗೆ ಹಿಡಿದ. ಮುಚ್ಚಿಕೊಂಡಿರಬೇಕಾದ ಸೀಳಿನಲ್ಲಿ ಆಚೆ ಬದಿಯ ಟ್ಯೂಬ್‌ಲೈಟ್ ಕಾಣುತ್ತಿತ್ತು. "ಮೋಟರ್ ಚೊಲೋ ಐತ್ರೀ ಅಕ್ಕಾರ, ಈ ರಬ್ಬರ್ ಹರದೈತಿ ನೋಡ್ರಿ" ಅಂದ. ಬಾಟಲಿ ಬ್ರಶ್ ಹಾಕಿ ತಿಕ್ಕಿ ಹರಿದವಳು ನಾನೇ. ಅದನ್ನು ಬೆರಳಲ್ಲಿ ಮೆಲ್ಲಗೆ ತೊಳೆಯಬೇಕು. ಒಂದು ಜೊತೆ ಸ್ಪೇರ್ ಬ್ಯಾಗಿನಲ್ಲೇ ಇರಲಿ.

ಸ್ಟೆರಿಲೈಸರ್ ಬೇಡ, ಪಾತ್ರೆಯಲ್ಲಿ 5 ನಿಮಿಷ ಕುದಿಸಿದರೆ ಆಯಿತು. ತೊಳೆಯೋಕೆ ಒಂದು ಬೇರೆ ಬೋಗುಣಿ ಇಟ್ಟುಕೋ, ಸಿಂಕಿನಲ್ಲಿ ಹಾಕಬೇಡ. ಮೋಟರಿನ ನಳಿಗೆ ಮಾತ್ರ ಕುದಿಸಬಾರದು.

ನಿಜವಾಗಿ ದುಡ್ಡು ಹಾಕಬೇಕಾದ್ದು ಐಸ್ ಪ್ಯಾಕ್ ಇರುವ ಕೂಲರ್ ಬ್ಯಾಗಿಗೆ. ಹಿಂಡಿದ ಹಾಲು ಹೊರಗೆ 4 ಗಂಟೆ ಇರುತ್ತೆ ಅಂತ ಎಲ್ಲಾ ಕಡೆ ಬರೆದಿರುತ್ತೆ, ಅದು 25 ಡಿಗ್ರಿಯ ಒಳಗಿನ ಲೆಕ್ಕ. ಏಪ್ರಿಲ್‌ನ ಬಾಗಲಕೋಟೆಗೆ ಆ ಲೆಕ್ಕ ನಡೆಯುತ್ತಾ? ಗಟ್ಟಿಯಾಗಿ ಹೆಪ್ಪುಗಟ್ಟಿದ ಐಸ್ ಪ್ಯಾಕ್ ಜೊತೆ ಕೂಲರಿನಲ್ಲಿ 24 ಗಂಟೆ ಇಡಬಹುದು, ಫ್ರಿಜ್ಜಿನ ಒಳಬದಿಯಲ್ಲಿ 4 ದಿನ. ಬಾಗಿಲಿನಲ್ಲಿ ಇಡಬೇಡ. ಕಾಯಿಸೋದು ಬಿಸಿನೀರಿನ ಬಟ್ಟಲಿನಲ್ಲಿಟ್ಟು, ಒಲೆ ಮೇಲಲ್ಲ.

ಬ್ಯಾಂಕಿನಲ್ಲಿ ಕೇಳೋಕೆ ಮುಜುಗರ ಬೇಡ. ಮಗುವಿಗೆ 15 ತಿಂಗಳಾಗುವವರೆಗೆ ಹಾಲುಣಿಸೋಕೆ ದಿನಕ್ಕೆ ಎರಡು ಸಲ ಬಿಡುವು ಕಾನೂನಿನಲ್ಲೇ ಇದೆ. ಆ ಹೊತ್ತಿಗೆ ಬಾಗಿಲು ಹಾಕಿಕೊಳ್ಳೋಕೆ ಬರುವ ಒಂದು ಕೋಣೆ ಬೇಕು ಅಂತ ರಜೆ ಅರ್ಜಿ ಕೊಡುವಾಗಲೇ ಮ್ಯಾನೇಜರಿಗೆ ಹೇಳಿಬಿಡು.

ಅತ್ತಿಗೆಯ ಪಂಪ್ ಕ್ಲೋಸ್ಡ್ ಸಿಸ್ಟಮ್ ಆಗಿದ್ದು ನಳಿಗೆಯಲ್ಲಿ ಕಲೆ, ಬೂಷ್ಟು ಏನೂ ಇಲ್ಲದಿದ್ದರೆ, ಮೋಟರ್ ಅದೇ ಇಟ್ಟುಕೊಂಡು ಹಾಲು ತಾಗೋ ಭಾಗ, ನಳಿಗೆ ಎಲ್ಲಾ ಹೊಸದು ಹಾಕಿಸು. ಇಲ್ಲಾಂದರೆ ಬಿಟ್ಟುಬಿಡು. ಗೆಳತಿಯರು ಪಂಪಿನ ದುಡ್ಡನ್ನು ಕವರಿನಲ್ಲಿ ಹಾಕಿ ಉಡಿಯಲ್ಲಿ ಇಡಲಿ, ಫೆಬ್ರವರಿಯಲ್ಲಿ ಅಳತೆ ನೋಡಿ ನೀನೇ ತಗೋ.