ಇಂಗ್ಲೆಂಡಿನಲ್ಲಿ ಹೊಸ ಮನೆ ಕಟ್ಟುವ ಬಿಲ್ಡರ್ ಊರಿನ ಶಾಲೆಗೂ ದುಡ್ಡು ಕೊಡಬೇಕಾ?

ಕೊಡಬೇಕಾಗಬಹುದು, ಆದರೆ ಎಲ್ಲರೂ ಅಲ್ಲ. 1990ರ ಟೌನ್ ಅಂಡ್ ಕಂಟ್ರಿ ಪ್ಲಾನಿಂಗ್ ಕಾಯ್ದೆಯ 106ನೇ ಸೆಕ್ಷನ್ ಅಡಿ, ಅನುಮತಿ ಕೊಡುವಾಗಲೇ ಕೌನ್ಸಿಲ್ (ಅಲ್ಲಿನ ಸ್ಥಳೀಯ ಆಡಳಿತ) ಈ ಬಗ್ಗೆ ಕರಾರು ಮಾಡಿಕೊಳ್ಳುತ್ತದೆ. ಹೊಸ ಮನೆಗಳಿಂದ ಎಷ್ಟು ಮಕ್ಕಳು ಬರಬಹುದು, ಹತ್ತಿರದ ಶಾಲೆಗಳಲ್ಲಿ ಎಷ್ಟು ಸೀಟು ಖಾಲಿ ಎಂದು ನೋಡುತ್ತಾರೆ. 100 ಮನೆಗೆ 30 ಮಕ್ಕಳು ಅಂತಿಟ್ಟುಕೊಳ್ಳಿ. 22 ಸೀಟು ಖಾಲಿಯಿದ್ದರೆ ದುಡ್ಡು ಕೇಳಬಹುದಾದದ್ದು ಉಳಿದ 8ಕ್ಕೆ ಮಾತ್ರ. ಒಂದೇ ಬೆಡ್‌ರೂಮಿನ ಫ್ಲ್ಯಾಟುಗಳನ್ನು ಸಾಮಾನ್ಯವಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ಶಾಲೆಯ ಹಳೇ ಸೂರು ಸೋರುತ್ತಿದೆ ಅಂತ ಬಿಲ್ಡರ್ ಹತ್ತಿರ ಕೇಳುವಂತಿಲ್ಲ. ಬೇಡಿಕೆಗೂ ಆ ಮನೆಗಳಿಗೂ ನೇರ ಸಂಬಂಧ ಇರಲೇಬೇಕು.

ನನಗೆ ತೊಡಕು ಕಾಣುವುದು ಹಣ ಬರುವ ಹೊತ್ತಿನಲ್ಲಿ. ಇಷ್ಟು ಮನೆ ತುಂಬಿದ ಮೇಲೆ ಇಷ್ಟು ಕಂತು ಅಂತ ಕರಾರಿದ್ದರೆ, ಮಕ್ಕಳು ಮೊದಲು ಬರುತ್ತಾರೆ, ತರಗತಿ ಕೋಣೆ ಆಮೇಲೆ. ಗಡುವಿನೊಳಗೆ ಖರ್ಚಾಗದ ಹಣವನ್ನು ಬಿಲ್ಡರ್‌ಗೆ ವಾಪಸ್ ಕೊಡಬೇಕೆಂಬ ಷರತ್ತೂ ಸಾಮಾನ್ಯ.