ಬುಕ್ ಮುಗಿದ ಕೂಡಲೇ ಸೋಲು ಶುರು

ಪ್ರಶ್ನೆ: ನಾನೇ ಬರೆದ ಚೆಸ್ ಪ್ರೋಗ್ರಾಂಗೆ ಲಕ್ಷಾಂತರ ಆಟಗಳ ಪಿಜಿಎನ್ ಫೈಲ್‌ನಿಂದ (ಆಟದ ನಡೆಗಳನ್ನು ಬರೆದಿಡುವ ಪಠ್ಯ ಫೈಲ್) ಓಪನಿಂಗ್ ಬುಕ್, ಅಂದರೆ ಆಟದ ಆರಂಭದಲ್ಲಿ ಯೋಚಿಸದೆಯೇ ಆಡಬೇಕಾದ ನಡೆಗಳ ಪಟ್ಟಿ, ಮಾಡಿಕೊಟ್ಟಿದ್ದೇನೆ. ಅದು ಪಾಲಿಗ್ಲಾಟ್ ಎಂಬ ಫೈಲ್ ಮಾದರಿಯಲ್ಲಿದೆ. ಬುಕ್ ಇಲ್ಲದಿದ್ದರೆ ಎದುರಾಳಿ ಎಂಜಿನ್‌ಗೆ (ಇನ್ನೊಂದು ಚೆಸ್ ಪ್ರೋಗ್ರಾಂಗೆ) ಸರಿಸಮವಾಗಿ ಆಡುತ್ತದೆ, ಬುಕ್ ಹಾಕಿದರೆ ಸೋಲುತ್ತದೆ. ಇನ್ನೂ ದೊಡ್ಡ ಬುಕ್ ಬೇಕೇ?

ಉತ್ತರ: ಬೇಡ. ಇರುವುದನ್ನೇ ಕತ್ತರಿಸಿ.

ಮೊದಲು ಒಂದು ಸಣ್ಣ ತಪಾಸಣೆ. ಪಾಲಿಗ್ಲಾಟ್‌ನಲ್ಲಿ ಕ್ಯಾಸ್ಲಿಂಗ್ ಅನ್ನು ರಾಜ ತನ್ನ ಆನೆಯನ್ನೇ ಹೊಡೆದಂತೆ, ಇ1ರಿಂದ ಎಚ್1ಗೆ ಎಂದು ಬರೆಯುತ್ತಾರೆ. ಇದನ್ನು ನಿಮ್ಮ ಪ್ರೋಗ್ರಾಂ ಸರಿಯಾಗಿ ಓದುತ್ತಿದೆಯೇ ನೋಡಿಕೊಳ್ಳಿ.

ಅದು ಸರಿಯಿದ್ದರೆ ಗುಮಾನಿ ಹೋಗಬೇಕಾದ್ದು ತೂಕದ ಮೇಲೆ, ಅಂದರೆ ಯಾವ ನಡೆಗೆ ಎಷ್ಟು ಆದ್ಯತೆ ಎಂದು ಬುಕ್ ಹೇಳುವ ಸಂಖ್ಯೆಯ ಮೇಲೆ. ಬುಕ್‌ನ ಪ್ರತಿ ನಮೂದು 16 ಬೈಟ್: ಹಲಗೆಯ ಸ್ಥಿತಿಯನ್ನು ಗುರುತಿಸುವ ಕೀಗೆ 8, ನಡೆಗೆ 2, ತೂಕಕ್ಕೆ 2, ಉಳಿದ 4 ಕಲಿಕೆಗೆ. ಆಟಗಳಿಂದ ಬುಕ್ ಕಟ್ಟುವಾಗ ಗೆಲುವಿಗೆ 2, ಡ್ರಾಗೆ 1 ಎಂದು ಕೂಡಿದ ಮೊತ್ತವೇ ಆ ತೂಕ. ನಡೆ ಒಳ್ಳೆಯದೋ ಕೆಟ್ಟದ್ದೋ ಎಂದು ಯಾರೂ ಕೇಳಿಲ್ಲ. 50ನೇ ನಡೆಯಲ್ಲಿ ಮಂತ್ರಿಯನ್ನು ಕಳೆದುಕೊಂಡವನ ಸೋಲೂ ಅವನ 4ನೇ ನಡೆಯ ಲೆಕ್ಕಕ್ಕೇ ಬೀಳುತ್ತದೆ.

ಒಂದು ಉದಾಹರಣೆ ಹಲಗೆಯ ಮೇಲೆ ಇಟ್ಟು ನೋಡಿ. ಬಿಳಿ ಇ4, ಕಪ್ಪು ಇ5. ಕುದುರೆ ಎಫ್3, ಕುದುರೆ ಸಿ6. ಒಂಟೆ ಸಿ4, ಆಮೇಲೆ ಕಪ್ಪು ಕುದುರೆ ಡಿ4ಕ್ಕೆ. ಬಿಳಿ ಆಸೆಬಿದ್ದು ಇ5ರ ಕಾಲಾಳನ್ನು ಕುದುರೆಯಿಂದ ಹೊಡೆದರೆ ಕಪ್ಪು ಮಂತ್ರಿ ಜಿ5ಕ್ಕೆ ಬರುತ್ತದೆ. ಆಸೆ ಅಲ್ಲಿಗೂ ನಿಲ್ಲದೆ ಕುದುರೆ ಎಫ್7ರ ಕಾಲಾಳನ್ನೂ ತಿಂದರೆ, 7ನೇ ನಡೆಯಲ್ಲಿ ಕಪ್ಪು ಕುದುರೆಯಿಂದಲೇ ಬಿಳಿಗೆ ಚೆಕ್‌ಮೇಟ್ ಆಗಬಹುದು. ಹೊಸಬರ ಆಟಗಳು ತುಂಬಿದ ಫೈಲ್‌ನಲ್ಲಿ ಈ ಡಿ4 ನಡೆಗೆ ಭಾರೀ ತೂಕ ಸಿಕ್ಕರೆ ಆಶ್ಚರ್ಯವಿಲ್ಲ. ಎಂಜಿನ್ ಮಾತ್ರ ಈ ಬಲೆಗೆ ಬೀಳುವುದಿಲ್ಲ: ಕುದುರೆಗೆ ಕುದುರೆ ಬದಲಾಯಿಸಿ, ಕ್ಯಾಸ್ಲಿಂಗ್ ಮಾಡಿ ಕೂರುತ್ತದೆ. ಆಗ ಕಪ್ಪಿನ ಒಂದು ಕಾಯಿಯೂ ಹೊರಬಂದಿರುವುದಿಲ್ಲ.

ಆದ್ದರಿಂದ ರೇಟಿಂಗ್ ನೋಡಿ ಆಟಗಳನ್ನು ಸೋಸಿ, ಮೂರ್ನಾಲ್ಕು ಆಟಗಳಲ್ಲಷ್ಟೇ ಕಂಡ ನಡೆಗಳನ್ನು ತೆಗೆಯಿರಿ. ಇದು ಬೇಗ ಮುಗಿಯುವ ಕೆಲಸ. ಸಮಯ ಹಿಡಿಯುವುದು, ಫಲ ಕೊಡುವುದು ಮುಂದಿನದು: ಬುಕ್‌ನ ಸಾಲುಗಳು ಎಲ್ಲೆಲ್ಲಿ ಮುಗಿಯುತ್ತವೋ ಆ ಒಂದೊಂದು ಸ್ಥಿತಿಯನ್ನೂ ನಿಮ್ಮದೇ ಎಂಜಿನ್‌ಗೆ ಕೊಟ್ಟು ರಾತ್ರಿಯಿಡೀ ಯೋಚಿಸಲು ಬಿಡಿ. ಸ್ಥಿತಿ ಎಷ್ಟು ಒಳ್ಳೆಯದೆಂದು ಅದು ಕೊಟ್ಟ ಅಂಕಗಳನ್ನು ಮಿನಿಮ್ಯಾಕ್ಸ್ ವಿಧಾನದಿಂದ ಹಿಂದಕ್ಕೆ, ಮೊದಲ ನಡೆಯವರೆಗೂ ಒಯ್ಯಿರಿ. ಅಂದರೆ ನಿಮ್ಮ ಸರದಿಯಲ್ಲಿ ನಿಮಗೆ ಅತಿ ಒಳ್ಳೆಯ ಅಂಕವನ್ನು, ಎದುರಾಳಿಯ ಸರದಿಯಲ್ಲಿ ಅವನಿಗೆ ಅತಿ ಒಳ್ಳೆಯ ಅಂಕವನ್ನು ಆರಿಸುತ್ತಾ ಹೋಗಿ. ಗೆಲುವಿನ ಎಣಿಕೆಯ ಜಾಗಕ್ಕೆ ಈ ಅಂಕದಿಂದ ಬಂದ ತೂಕ ಕೂರಿಸಿ. ಎದುರಾಳಿಯ ಕೆಟ್ಟ ನಡೆಗಳಿಗೆಲ್ಲ ಉತ್ತರ ತುಂಬಿಸುವ ಶ್ರಮ ಬೇಡ, ಅಲ್ಲಿ ಎಂಜಿನ್ ತಾನೇ ಯೋಚಿಸಿಕೊಳ್ಳಲಿ.

ಐಬಿಎಂನ ಚೆಸ್ ಕಂಪ್ಯೂಟರ್ ಡೀಪ್ ಬ್ಲೂನ ಬುಕ್ ಕೂಡ ಗಾತ್ರದಲ್ಲಿ ಸಣ್ಣದೇ. ಮುಖ್ಯವಾಗಿ ಗ್ರ್ಯಾಂಡ್‌ಮಾಸ್ಟರ್ ಜೋಯೆಲ್ ಬೆಂಜಮಿನ್ ಕೈಯಾರೆ ಕಟ್ಟಿದ ಅದರಲ್ಲಿ ಇದ್ದದ್ದು ಸುಮಾರು 4,000 ಸ್ಥಿತಿಗಳು, ಪ್ರತಿಯೊಂದನ್ನೂ ಯಂತ್ರವೇ ರಾತ್ರಿ ಹೊತ್ತು ಪರೀಕ್ಷಿಸಿತ್ತು. ಯಂತ್ರ ಚೆನ್ನಾಗಿ ಆಡಬಲ್ಲ ಸ್ಥಿತಿಗಳತ್ತಲೇ ಸಾಲುಗಳನ್ನು ತಿರುಗಿಸಿದ್ದರು. 7 ಲಕ್ಷ ಆಟಗಳ ಮಾಹಿತಿಯೂ ಇತ್ತು, ಆದರೆ ಅದು ಪ್ರತ್ಯೇಕ, ಹುಡುಕಾಟಕ್ಕೆ ಒತ್ತಾಸೆಯಾಗಿ ಮಾತ್ರ. 1997ರಲ್ಲಿ ಕ್ಯಾಸ್ಪರೋವ್ ವಿರುದ್ಧದ 6ನೇ ಆಟದಲ್ಲಿ ಇ6ರ ಮೇಲೆ ಕುದುರೆ ಬಲಿ ಕೊಟ್ಟದ್ದು ಕೈಯಾರೆ ಕಟ್ಟಿದ ಆ ಬುಕ್‌ನ ನಡೆ.

ಬದಲಾವಣೆಯ ನಂತರ ಎರಡೂ ಬುಕ್‌ಗಳನ್ನು ಒಂದೇ ಎಂಜಿನ್‌ಗೆ ಕೊಟ್ಟು ಪರಸ್ಪರ ಆಡಿಸಿ. ನೂರು ಆಟಗಳ ಫಲಿತಾಂಶ ನೋಡಿ ಹಿಗ್ಗಬೇಡಿ. ಅಷ್ಟರಲ್ಲಿ 50 ಈಲೋ (ಆಟದ ಬಲ ಅಳೆಯುವ ರೇಟಿಂಗ್ ಅಂಕ) ಅಂತರವೂ ಬರೀ ಅದೃಷ್ಟದಿಂದ ಬಂದಿರಬಹುದು.

ಪ್ರಶ್ನೆ: ಸೋತ ಆಟದ ಬುಕ್ ನಡೆಯನ್ನು ಪ್ರೋಗ್ರಾಂ ತಾನಾಗಿಯೇ ಕೈಬಿಡುವಂತೆ ಮಾಡಬಹುದೇ?

ಉತ್ತರ: ಮಾಡಬಹುದು, ಆದರೆ ಸೋಲೊಂದನ್ನೇ ನೋಡಿ ಬೇಡ. ಎಂಡ್‌ಗೇಮ್‌ನಲ್ಲಿ ಕೆಟ್ಟದ್ದಕ್ಕೆ ಓಪನಿಂಗ್‌ಗೆ ಶಿಕ್ಷೆಯಾಗುತ್ತದೆ. ಬುಕ್ ಮುಗಿದ ಮೇಲಿನ ಮೊದಲ ಹತ್ತು ನಡೆಗಳಲ್ಲಿ ಎಂಜಿನ್ ಕೊಟ್ಟ ಅಂಕ ಹೇಗೆ ಏರಿತು, ಇಳಿಯಿತು ಎಂಬುದರಿಂದ ತೂಕ ತಿದ್ದಿ; ಕ್ರಾಫ್ಟಿ ಎಂಬ ಚೆಸ್ ಎಂಜಿನ್ ಹಿಡಿದ ದಾರಿಯೂ ಇದೇ. ಬಲಶಾಲಿ ಎದುರಾಳಿಯ ಎದುರು ಅಂಕ ಇಳಿದಿದ್ದರೆ ತಿದ್ದುಪಡಿ ಸಣ್ಣದಿರಲಿ. ಎಷ್ಟೇ ಒಳ್ಳೆಯದಾದರೂ ಸದಾ ಒಂದೇ ನಡೆ ಆಡಿಸಬೇಡಿ, ಒಮ್ಮೆ ಗೆದ್ದ ಎದುರಾಳಿ ಅದೇ ಆಟವನ್ನು ಮತ್ತೆ ಆಡಿ ಗೆಲ್ಲುತ್ತಾನೆ. ಅಂಕದಲ್ಲಿ ಹತ್ತು–ಹದಿನೈದು ಸೆಂಟಿಪಾನ್‌ಗಿಂತ (ಒಂದು ಕಾಲಾಳಿನ ಬೆಲೆಯ ನೂರನೇ ಒಂದು ಭಾಗ ಒಂದು ಸೆಂಟಿಪಾನ್) ಹೆಚ್ಚು ವ್ಯತ್ಯಾಸವಿಲ್ಲದ ನಡೆಗಳಲ್ಲಿ ಒಂದನ್ನು ಯಾದೃಚ್ಛಿಕವಾಗಿ ಆರಿಸಿಕೊಳ್ಳಲಿ.